ಕಾಲೇಜು ಫುಟ್‌ಬಾಲ್‌ಗೆ ಕಿರುತೆರೆ ಕೊಟ್ಟದ್ದು, ಕಿತ್ತುಕೊಂಡದ್ದು

1984ರ ನವೆಂಬರ್ 23, ಶುಕ್ರವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಮನೆಮಂದಿಯೆಲ್ಲ ಒಟ್ಟಾಗಿ, ಹಿಂದಿನ ದಿನದ ಅಡುಗೆಯನ್ನೇ ಬಿಸಿಮಾಡಿಕೊಂಡು ಟಿ.ವಿ. ಮುಂದೆ ಕೂರುವ ದಿನವದು. ಸಿಬಿಎಸ್ ವಾಹಿನಿಯಲ್ಲಿ ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಿಂದ ಎರಡು ಕಾಲೇಜುಗಳ ನಡುವಣ ಫುಟ್‌ಬಾಲ್ ಪಂದ್ಯದ ನೇರಪ್ರಸಾರ. ಒಂದು ಕಡೆ ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಯಾಮಿ. ಇನ್ನೊಂದು ಕಡೆ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ಕಾಲೇಜು. ಮಳೆ ಹನಿಯುತ್ತಿತ್ತು. ಆಟ ಮುಗಿಯಲು ಆರು ಸೆಕೆಂಡು ಉಳಿದಿದ್ದಾಗ ಮಯಾಮಿ 45-41ರಿಂದ ಮುಂದಿತ್ತು.

ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಈ ಆಟದ ಮಟ್ಟಿಗೆ ಗಿಡ್ಡ ಆಟಗಾರ. ಆತ ಹಿಂದಕ್ಕೆ ಸರಿದು, ಚೆಂಡನ್ನು ಅರವತ್ತು ಗಜಗಳಿಗೂ ದೂರ ಎಸೆದ. ಗೆರೆಯಾಚೆ ನಿಂತಿದ್ದ ಜೆರಾರ್ಡ್ ಫೀಲನ್ ಅದನ್ನು ಎದೆಗವಚಿಕೊಂಡು ಬಿದ್ದ. ಕಾಲ ಮುಗಿದಿತ್ತು. 47-45. ಆ ಎಸೆತವನ್ನು ಅಮೆರಿಕದ ಟಿ.ವಿ. ವಾಹಿನಿಗಳು ಇಂದಿಗೂ ತೋರಿಸುತ್ತಲೇ ಇವೆ.

ಆಟದ ಮಟ್ಟಿಗೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಾಸ್ಟನ್ ಕಾಲೇಜಿಗೆ ಪ್ರವೇಶ ಕೋರಿ ಬಂದ ಅರ್ಜಿಗಳು 1984ರಲ್ಲಿ ಶೇ 16ರಷ್ಟು, 1985ರಲ್ಲಿ ಮತ್ತೆ ಶೇ 12ರಷ್ಟು ಹೆಚ್ಚಿದವು. ಫುಟ್‌ಬಾಲ್ ಆಡುವವರ ಅರ್ಜಿಗಳಲ್ಲ ಇವು. ಇತಿಹಾಸ, ವಾಣಿಜ್ಯ, ಜೀವಶಾಸ್ತ್ರ ಓದಬೇಕೆನ್ನುವವರ ಅರ್ಜಿಗಳು. ‘ಫ್ಲೂಟಿ ಪರಿಣಾಮ’ ಎಂಬ ಹೊಸ ಪದವೇ ಹುಟ್ಟಿತು. ಟಿ.ವಿ.ಯಲ್ಲಿ ಕಾಣಿಸಿಕೊಂಡು ಗೆದ್ದರೆ ಕಾಲೇಜಿನ ಹಣೆಬರಹವೇ ಬದಲಾಗುತ್ತದೆ ಎಂಬ ನಂಬಿಕೆ ಅಮೆರಿಕದ ಕುಲಪತಿಗಳ ಕೊಠಡಿಗಳಲ್ಲಿ ಗಟ್ಟಿಯಾಗಿ ಕುಳಿತದ್ದು ಆ ದಿನದಿಂದಲೇ. ನಂಬಿಕೆ ಎಷ್ಟು ನಿಜ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಮುಂದೆ ಬರೋಣ.

ಮೊದಲು ಓದುಗರಿಗೆ ಒಂದು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ಪೆಲೆ, ಮರಡೋನಾ ಆಡಿದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ತಲೆಗೆ ಹೆಲ್ಮೆಟ್ ಹೆಗಲಿಗೆ ಮೆತ್ತೆ ಕಟ್ಟಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ. ಅದನ್ನು ಕಾಲೇಜು ಹುಡುಗರು ಆಡುತ್ತಾರೆಂದ ಮಾತ್ರಕ್ಕೆ ಅಂತರ ಕಾಲೇಜು ಪಂದ್ಯಾವಳಿಯ ನಮ್ಮ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಬಾರದು. ಒಂದು ಲಕ್ಷಕ್ಕಿಂತ ಹೆಚ್ಚು ಆಸನಗಳ ಅರ್ಧ ಡಜನ್‌ಗೂ ಮಿಕ್ಕಿದ ಕ್ರೀಡಾಂಗಣಗಳು ಅಲ್ಲಿನ ವಿಶ್ವವಿದ್ಯಾನಿಲಯಗಳಿಗೆ ಸೇರಿವೆ. ವೃತ್ತಿಪರ ಲೀಗಿನ ಯಾವ ತಂಡದ ಕ್ರೀಡಾಂಗಣವೂ ಅಷ್ಟು ದೊಡ್ಡದಿಲ್ಲ. ಎಂ.ಎಸ್. ಓದಲೆಂದು ಇಲ್ಲಿಂದ ಹೋಗುವ ಹುಡುಗ ಹುಡುಗಿಯರಿಗೆ ಮೊದಲ ಸೆಪ್ಟೆಂಬರಿನ ಶನಿವಾರದಂದು ಊರಿಗೆ ಊರೇ ಒಂದು ಬಣ್ಣದ ಅಂಗಿ ತೊಟ್ಟು ಬೀದಿಗಿಳಿದದ್ದನ್ನು ಕಂಡು ಬೆರಗಾಗುವುದು ಸಹಜ.

ಈ ತಂಡಗಳಿಗೆ ಆಟಗಾರರು ಬರುವ ಬಗೆಯೂ ವಿಚಿತ್ರ. ಹದಿನಾರು, ಹದಿನೇಳರ ಹೈಸ್ಕೂಲು ಹುಡುಗರನ್ನು ತರಬೇತುದಾರರು ಮನೆಮನೆಗೆ ಹೋಗಿ, ಅಡುಗೆಮನೆಯಲ್ಲಿ ಕುಳಿತು, ತಾಯಂದಿರ ಮನ ಒಲಿಸಿ ಕರೆತರಬೇಕು. ಇದನ್ನೇ ರಿಕ್ರೂಟಿಂಗ್ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರ ಸಂಭ್ರಮ, ಸಂಕೋಚಗಳೆಲ್ಲ ಅಲ್ಲಿಯೂ ಉಂಟು. ಬಹುಕಾಲ ಹುಡುಗನಿಗೆ ಕೊಡಬಹುದಾಗಿದ್ದದ್ದು ವಿದ್ಯಾರ್ಥಿವೇತನವೊಂದೇ: ಶುಲ್ಕ, ವಸತಿ, ಊಟ, ಪುಸ್ತಕ. ಎಲ್ಲ ಕಾಲೇಜುಗಳೂ ಕೊಡುವುದು ಅದನ್ನೇ ಆದಾಗ, ಹುಡುಗ ಯಾವುದನ್ನು ಆರಿಸಿಕೊಳ್ಳಬೇಕು? ಟಿ.ವಿ. ಪ್ರವೇಶಿಸುವುದು ಇಲ್ಲಿ.

ವಾರವಾರವೂ ರಾಷ್ಟ್ರೀಯ ವಾಹಿನಿಯಲ್ಲಿ ಕಾಣುವ ಕಾಲೇಜನ್ನು ಹುಡುಗ ಹತ್ತು ವರ್ಷದವನಿದ್ದಾಗಿನಿಂದ ನೋಡಿರುತ್ತಾನೆ. ಅದರ ಹಾಡು, ಬಣ್ಣ, ಹಳೆಯ ವೀರರ ಹೆಸರುಗಳು ಅವನಿಗೆ ಬಾಯಿಪಾಠ. ಅಲ್ಲಿ ಆಡಿದರೆ ತನ್ನನ್ನು ಸಾವಿರ ಮೈಲಿ ದೂರದ ತಾಯಿ ನೋಡಬಹುದು. ಓಣಿಯ ಗೆಳೆಯರು ನೋಡಬಹುದು. ವೃತ್ತಿಪರ ತಂಡದವರೂ ನೋಡಬಹುದು. ಟಿ.ವಿ.ಯಲ್ಲಿ ಕಾಣದ ಕಾಲೇಜಿನ ತರಬೇತುದಾರ ಎಷ್ಟೇ ಒಳ್ಳೆಯವನಿರಲಿ, ಮೊದಲು ತನ್ನ ಕಾಲೇಜು ಯಾವ ರಾಜ್ಯದಲ್ಲಿದೆ ಎಂದು ಹೇಳಬೇಕಾಗುತ್ತದೆ.

ಒಬ್ಬ ಯಜಮಾನ, ಒಂದು ಪಂದ್ಯ

ಆರಂಭದಲ್ಲಿ ಈ ಪೆಟ್ಟಿಗೆಯನ್ನು ಕಂಡು ಎಲ್ಲರೂ ಹೆದರಿದ್ದರು. ಅಮೆರಿಕದ ಟಿ.ವಿ.ಯಲ್ಲಿ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಬಂದದ್ದು 1939ರ ಸೆಪ್ಟೆಂಬರ್ 30ರಂದು. ನ್ಯೂಯಾರ್ಕಿನಲ್ಲಿ ಫೋರ್ಡಮ್ ಮತ್ತು ವೇನ್ಸ್‌ಬರ್ಗ್ ತಂಡಗಳು ಆಡಿದ ಆ ಪಂದ್ಯವನ್ನು ನೋಡಲು ಊರಿನಲ್ಲಿ ಟಿ.ವಿ. ಪೆಟ್ಟಿಗೆಗಳೇ ಬೆರಳೆಣಿಕೆಯಷ್ಟಿದ್ದವು. ಯುದ್ಧ ಮುಗಿದು ಮನೆಮನೆಗೆ ಟಿ.ವಿ. ಬಂದಾಗ ಕ್ರೀಡಾಂಗಣಕ್ಕೆ ಬರುವವರೇ ಇಲ್ಲವಾಗುತ್ತಾರೆ ಎಂಬ ಭಯ ಹುಟ್ಟಿತು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ 1951ರಲ್ಲಿ ಪ್ರಸಾರಕ್ಕೆ ಲಗಾಮು ಹಾಕಿತು. ತನ್ನ ಪಂದ್ಯಗಳನ್ನು ಅದಾಗಲೇ ಪ್ರಸಾರ ಮಾಡಿಸುತ್ತಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಬಗ್ಗಲಿಲ್ಲ. ಸಂಸ್ಥೆ ಅದನ್ನು ಒಳ್ಳೆಯ ಸದಸ್ಯರ ಪಟ್ಟಿಯಿಂದ ಹೊರಗಿಟ್ಟಿತು. ಎದುರಾಳಿಗಳೆಲ್ಲ ಆಡುವುದಿಲ್ಲವೆಂದಾಗ ಪೆನ್ಸಿಲ್ವೇನಿಯಾ ಸುಮ್ಮನಾಗಬೇಕಾಯಿತು.

ಅಲ್ಲಿಂದ ಮೂರು ದಶಕಗಳ ಕಾಲ ಯಾವ ಪಂದ್ಯ ಟಿ.ವಿ.ಗೆ ಬರಬೇಕು, ಯಾರು ಎಷ್ಟು ಸಲ ಕಾಣಬೇಕು ಎಂಬುದನ್ನೆಲ್ಲ ಎನ್‌ಸಿಎಎ ತೀರ್ಮಾನಿಸಿತು. 1982ರ ಯೋಜನೆಯ ಪ್ರಕಾರ ಒಂದು ತಂಡ ಎರಡು ವರ್ಷಗಳಲ್ಲಿ ಆರು ಸಲಕ್ಕಿಂತ ಹೆಚ್ಚು, ಅದರಲ್ಲೂ ರಾಷ್ಟ್ರೀಯ ಪ್ರಸಾರದಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವಂತಿರಲಿಲ್ಲ. ಎಬಿಸಿ ಮತ್ತು ಸಿಬಿಎಸ್ ಎರಡೂ ನಾಲ್ಕು ವರ್ಷಗಳಿಗೆ ತಲಾ 13 ಕೋಟಿ 17 ಲಕ್ಷ 50 ಸಾವಿರ ಡಾಲರ್ ಕೊಡಲು ಒಪ್ಪಿದ್ದವು.

ಈ ಹಂಚಿಕೆ ಎಷ್ಟು ವಿಚಿತ್ರವಾಗಿತ್ತು ಎಂಬುದಕ್ಕೆ 1981ರ ಒಂದು ವಾರಾಂತ್ಯ ಸಾಕ್ಷಿ. ಒಕ್ಲಹೋಮಾ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ಎಂಬ ಎರಡು ದಿಗ್ಗಜಗಳ ಪಂದ್ಯವನ್ನು ಎಬಿಸಿಯ ಇನ್ನೂರಕ್ಕೂ ಹೆಚ್ಚು ಕೇಂದ್ರಗಳು ಪ್ರಸಾರ ಮಾಡಿದವು. ಅದೇ ವಾರಾಂತ್ಯದಲ್ಲಿ ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಎರಡು ಸಣ್ಣ ಕಾಲೇಜುಗಳ ಪಂದ್ಯ ಬಂದದ್ದು ನಾಲ್ಕೇ ನಾಲ್ಕು ಕೇಂದ್ರಗಳಲ್ಲಿ. ನಾಲ್ಕೂ ತಂಡಗಳಿಗೆ ಸಿಕ್ಕ ಹಣ ಮಾತ್ರ ಒಂದೇ. ಸಣ್ಣವರಿಗೆ ಇದು ವರ. ದೊಡ್ಡವರಿಗೆ ಇದು ಕಣ್ಣಿಗೆ ಬಿದ್ದ ಕಸ. ಅಪಲಾಚಿಯನ್ ಸ್ಟೇಟ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು.

ಟಿ.ವಿ. ಅಷ್ಟು ಮುಖ್ಯವಾಗಿದ್ದರಿಂದಲೇ ಅದನ್ನು ಕಸಿದುಕೊಳ್ಳುವುದು ಒಂದು ಶಿಕ್ಷೆಯೂ ಆಯಿತು. ನೇಮಕದಲ್ಲಿ ಅಕ್ರಮ ನಡೆಸಿ ಸಿಕ್ಕಿಬಿದ್ದ ಕಾಲೇಜನ್ನು ಒಂದೆರಡು ವರ್ಷ ಪ್ರಸಾರದಿಂದ ದೂರವಿಡಲಾಗುತ್ತಿತ್ತು. ಒಕ್ಲಹೋಮಾ 1974ರಲ್ಲಿ ಒಂದೂ ಪಂದ್ಯ ಸೋಲದೆ ಅಸೋಸಿಯೇಟೆಡ್ ಪ್ರೆಸ್‌ನ ಮತದಾನದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಆ ತಂಡದ ಆಟವನ್ನು ಟಿ.ವಿ.ಯಲ್ಲಿ ಯಾರೂ ನೋಡಿರಲಿಲ್ಲ, ನಿಷೇಧ ಜಾರಿಯಲ್ಲಿತ್ತು. 1993ರಲ್ಲಿ ಆಬರ್ನ್ ತಂಡಕ್ಕೂ ಇದೇ ಗತಿ. ಹನ್ನೊಂದಕ್ಕೆ ಹನ್ನೊಂದು ಪಂದ್ಯ ಗೆದ್ದ ಆ ಋತುವನ್ನು ಅಲಬಾಮಾದ ಜನ ರೇಡಿಯೋ ಕೇಳಿಯೇ ಅನುಭವಿಸಬೇಕಾಯಿತು. ಕಳ್ಳನಿಗೆ ಜೈಲು ಕೊಡುವ ಬದಲು ಕತ್ತಲು ಕೊಟ್ಟಂತೆ ಈ ಶಿಕ್ಷೆ. ಆದರೆ ಅದರಿಂದ ಎದುರಾಳಿ ತಂಡವೂ ಕತ್ತಲಲ್ಲೇ ಆಡಬೇಕಾಗುತ್ತಿದ್ದುದು, ವಾಹಿನಿಗಳಿಗೂ ನಷ್ಟವಾಗುತ್ತಿದ್ದುದು ಒಂದು ತೊಡಕು. ಹಣದ ಮೊತ್ತ ಬೆಳೆದಂತೆ ಈ ಶಿಕ್ಷೆ ಮೂಲೆಗೆ ಸರಿಯಿತು.

ನ್ಯಾಯಾಲಯದಲ್ಲಿ ಒಬ್ಬ ಹಳೆಯ ಆಟಗಾರ

ದೊಡ್ಡ ಕಾಲೇಜುಗಳು ಹೆಚ್ಚು ದಿನ ತಾಳಲಿಲ್ಲ. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾನಿಲಯಗಳು ಎನ್‌ಸಿಎಎ ವಿರುದ್ಧ ಮೊಕದ್ದಮೆ ಹೂಡಿದವು. 1984ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ತೀರ್ಪು ಕೊಟ್ಟಿತು. ಪ್ರಸಾರವನ್ನು ಒಂದೇ ಸಂಸ್ಥೆ ಹಿಡಿದಿಟ್ಟುಕೊಂಡು ಬೆಲೆ ನಿಗದಿ ಮಾಡುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದರು. ಫ್ಲೂಟಿಯ ಎಸೆತಕ್ಕೂ ಈ ತೀರ್ಪಿಗೂ ನಡುವಣ ಅಂತರ ಐದು ತಿಂಗಳಿಗಿಂತ ಕಡಿಮೆ. (ಕ್ರಿಕೆಟ್ ಪ್ರಸಾರದ ಜಗಳ ನಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ವಾಯುತರಂಗಗಳು ಸಾರ್ವಜನಿಕ ಸೊತ್ತು ಎಂಬ ತೀರ್ಪು ಬಂದದ್ದು 1995ರಲ್ಲಿ.)

ಭಿನ್ನಮತ ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಅವರ ಮಾತಿಗೆ ತೂಕವಿತ್ತು. ಏಕೆಂದರೆ 1930ರ ದಶಕದಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದ ಪರ ಆಡಿ ರಾಷ್ಟ್ರಮಟ್ಟದಲ್ಲಿ ಹೆಸರಾಗಿದ್ದ ಆಟಗಾರ ಅವರು. ಟಿ.ವಿ. ಹಣಕ್ಕೆ ಮಿತಿ ಇಲ್ಲದಿದ್ದರೆ ಗೆಲ್ಲುವ ಒತ್ತಡ ಹೆಚ್ಚುತ್ತದೆ, ಕಾಲೇಜು ಕ್ರೀಡೆ ವೃತ್ತಿಪರ ಕ್ರೀಡೆಯತ್ತ ಜಾರುತ್ತದೆ, ಓದು ಹಿಂದೆ ಬೀಳುತ್ತದೆ ಎಂಬುದು ಅವರ ವಾದದ ಸಾರ. ಕಾನೂನಿನ ಕಣ್ಣಿನಲ್ಲಿ ವೈಟ್ ಸೋತರು. ಮುಂದಿನ ನಲವತ್ತು ವರ್ಷಗಳನ್ನು ನೋಡಿದರೆ, ಭವಿಷ್ಯ ಹೇಳುವುದರಲ್ಲಿ ಅವರು ಸೋತರು ಎನ್ನಲಾಗದು.

ತಮಾಷೆಯೆಂದರೆ, ಗೆದ್ದವರಿಗೆ ಮೊದಮೊದಲು ಲಾಭವೇ ಆಗಲಿಲ್ಲ. ಎಲ್ಲರೂ ಒಮ್ಮೆಲೇ ಪಂದ್ಯಗಳನ್ನು ಮಾರಲು ನಿಂತಾಗ ಸಂತೆಯಲ್ಲಿ ಟೊಮ್ಯಾಟೊ ಸುರಿದಂತಾಗಿ ಬೆಲೆ ಬಿತ್ತು. ಬೆಲೆ ಏರಲು ಕೇಬಲ್ ವಾಹಿನಿಗಳು ಬೆಳೆಯುವವರೆಗೆ ಕಾಯಬೇಕಾಯಿತು. 1979ರಲ್ಲಿ ಶುರುವಾಗಿದ್ದ ಇಎಸ್‌ಪಿಎನ್‌ಗೆ ದಿನದ ಇಪ್ಪತ್ನಾಲ್ಕು ಗಂಟೆಗಳನ್ನೂ ಕ್ರೀಡೆಯಿಂದ ತುಂಬಬೇಕಿತ್ತು. ಕಾಲೇಜುಗಳಿಗೆ ಕಾಣಿಸಿಕೊಳ್ಳಬೇಕಿತ್ತು. ಜೋಡಿ ಕೂಡಿಬಂತು. ನೋಟರ್ ಡೇಮ್ ವಿಶ್ವವಿದ್ಯಾನಿಲಯವಂತೂ ಗುಂಪಿನ ಹಂಗೇ ಬೇಡವೆಂದು ತನ್ನ ತವರಿನ ಪಂದ್ಯಗಳನ್ನೆಲ್ಲ 1991ರಿಂದ ಎನ್‌ಬಿಸಿಗೆ ಒಂಟಿಯಾಗಿ ಮಾರಿತು. ಒಂದೇ ಕಾಲೇಜಿಗೆ ಒಂದು ರಾಷ್ಟ್ರೀಯ ವಾಹಿನಿ! ಆ ಹಣದಲ್ಲಿ ಒಂದು ಪಾಲನ್ನು ಫುಟ್‌ಬಾಲ್ ಆಡದ ಬಡ ವಿದ್ಯಾರ್ಥಿಗಳ ವೇತನಕ್ಕೆ ಇಟ್ಟದ್ದನ್ನು ಮಾತ್ರ ಮರೆಯಬಾರದು.

ನೀಲಿ ಹುಲ್ಲು, ಬುಧವಾರದ ಹಿಮ

ತೀರ್ಪಿನ ನಂತರ ದೊಡ್ಡವರು ಇನ್ನಷ್ಟು ದೊಡ್ಡವರಾದರು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಬಾಗಿಲು ತೆರೆದಾಗ ಕೆಲವು ಸಣ್ಣವರೂ ಒಳಗೆ ನುಸುಳಿದರು. ಅವರಲ್ಲಿ ಹೆಸರಿಸಬೇಕಾದದ್ದು ಐಡಹೊ ರಾಜ್ಯದ ಬಾಯ್ಸಿ ಸ್ಟೇಟ್. 1960ರ ದಶಕದ ನಡುವಿನವರೆಗೂ ಎರಡು ವರ್ಷದ ಜೂನಿಯರ್ ಕಾಲೇಜಾಗಿದ್ದ ಸಂಸ್ಥೆ ಅದು. ಆಲೂಗಡ್ಡೆಗೆ ಹೆಸರಾದ, ಜನ ವಿರಳವಾದ ರಾಜ್ಯ. ಒಳ್ಳೆಯ ಆಟಗಾರರು ಅಲ್ಲಿಯೇ ಹುಟ್ಟುತ್ತಾರೆಂದು ಕಾಯುವಂತಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಹುಡುಗರನ್ನು ಕರೆತರಬೇಕಿತ್ತು.

1986ರಲ್ಲಿ ಬಾಯ್ಸಿ ತನ್ನ ಕ್ರೀಡಾಂಗಣದ ಕೃತಕ ಹುಲ್ಲಿಗೆ ನೀಲಿ ಬಣ್ಣ ಹಾಕಿಸಿತು. ಜನ ನಕ್ಕರು. ಆದರೆ ಟಿ.ವಿ.ಯ ರಿಮೋಟು ಒತ್ತುತ್ತ ಹೋಗುವವನ ಬೆರಳು ನೀಲಿ ಮೈದಾನ ಕಂಡಾಗ ಒಂದು ಗಳಿಗೆ ನಿಲ್ಲುತ್ತಿತ್ತು. ಶನಿವಾರ ಮಧ್ಯಾಹ್ನದ ಸಮಯವೆಲ್ಲ ದೊಡ್ಡವರಿಗೆ ಮೀಸಲಾದ್ದರಿಂದ ಬಾಯ್ಸಿ ವಾರದ ನಡುವಿನ ರಾತ್ರಿಗಳಲ್ಲೂ ಆಡಲು ಒಪ್ಪಿತು. ಆ ರಾತ್ರಿ ಬೇರೆ ಪಂದ್ಯವಿರುತ್ತಿರಲಿಲ್ಲ. ಫುಟ್‌ಬಾಲ್ ಹುಚ್ಚಿನ ಹೈಸ್ಕೂಲು ಹುಡುಗರೆಲ್ಲ ಅದನ್ನೇ ನೋಡಬೇಕು.

2007ರ ಜನವರಿ 1ರಂದು ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಬಾಯ್ಸಿಗೆ ಎದುರಾದದ್ದು ಇದೇ ಒಕ್ಲಹೋಮಾ. ಸಮಬಲವಾಗಿ ಹೆಚ್ಚುವರಿ ಆಟಕ್ಕೆ ಹೋದಾಗ ಬಾಯ್ಸಿಯ ಹುಡುಗರು ಚೆಂಡನ್ನು ಬೆನ್ನ ಹಿಂದೆ ದಾಟಿಸುವ, ಬೀದಿಯಾಟದಂಥ ತಂತ್ರವೊಂದನ್ನು ಆಡಿ 43-42ರಿಂದ ಗೆದ್ದರು. ಗೆಲುವಿನ ಅಂಕ ತಂದ ಇಯಾನ್ ಜಾನ್ಸನ್ ಕ್ಯಾಮೆರಾ ಎದುರಿನಲ್ಲೇ ತನ್ನ ಗೆಳತಿಯ ಮುಂದೆ ಮಂಡಿಯೂರಿ ಮದುವೆಯ ಪ್ರಸ್ತಾಪವಿಟ್ಟ. ಆಕೆ ಅದೇ ಕಾಲೇಜಿನ ಚಿಯರ್‌ಲೀಡರ್. ಇಷ್ಟನ್ನೆಲ್ಲ ಜಾಹೀರಾತು ಸಂಸ್ಥೆಗೆ ಹಣ ಕೊಟ್ಟು ಮಾಡಿಸಲು ಸಾಧ್ಯವಿಲ್ಲ. ಮಾಡಿಸಲು ಹೊರಟವರೂ ಇದ್ದಾರೆ ಎನ್ನಿ: ಓರೆಗಾನ್ ವಿಶ್ವವಿದ್ಯಾನಿಲಯ 2001ರಲ್ಲಿ ತನ್ನ ಆಟಗಾರ ಜೋಯಿ ಹ್ಯಾರಿಂಗ್ಟನ್‌ನ ಬೃಹತ್ ಚಿತ್ರವನ್ನು ದೇಶದ ಆಚೆ ತುದಿಯ ನ್ಯೂಯಾರ್ಕಿನ ಕಟ್ಟಡವೊಂದಕ್ಕೆ ತೂಗುಹಾಕಲು ಎರಡೂವರೆ ಲಕ್ಷ ಡಾಲರ್ ವೆಚ್ಚ ಮಾಡಿತ್ತು. ಪಶ್ಚಿಮದ ಪಂದ್ಯಗಳು ಶುರುವಾಗುವ ಹೊತ್ತಿಗೆ ಪೂರ್ವದ ಪತ್ರಕರ್ತರು ಮಲಗಿರುತ್ತಾರೆ ಎಂಬ ಕೊರಗು ಆ ಭಾಗದ ಕಾಲೇಜುಗಳಿಗೆ ಮೊದಲಿನಿಂದಲೂ ಇದೆ.

ಸಣ್ಣವರ ಏಳಿಗೆಯನ್ನು ಪೂರ್ತಿ ಟಿ.ವಿ.ಯ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. 1973ರಲ್ಲಿ ಒಂದು ತಂಡ 105 ಹುಡುಗರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು. ಆ ಮಿತಿ ಇಳಿಯುತ್ತ ಇಳಿಯುತ್ತ 1994ರ ವೇಳೆಗೆ 85ಕ್ಕೆ ಬಂತು. ಮೊದಲಾದರೆ ದೊಡ್ಡ ಕಾಲೇಜಿನ ಬೆಂಚಿನಲ್ಲಿ ಕೂತು ಕೊಳೆಯುತ್ತಿದ್ದ ಇಪ್ಪತ್ತು ಹುಡುಗರು ಈಗ ಬೇರೆ ಕಡೆ ಹುಡುಕಬೇಕಾಯಿತು. ಹಾಗೆ ಹುಡುಕುವವನಿಗೆ ‘ಇಲ್ಲಿ ಬಾ, ಇಲ್ಲಿಯೂ ನಿನ್ನ ಮುಖ ಟಿ.ವಿ.ಯಲ್ಲಿ ಕಾಣುತ್ತದೆ’ ಎಂದು ಹೇಳುವ ಧೈರ್ಯ ಸಣ್ಣ ಕಾಲೇಜಿಗೆ ಬಂದದ್ದು ಕೇಬಲ್‌ನಿಂದ. ಎರಡೂ ಕೂಡಿದಾಗಲೇ ಬಾಯ್ಸಿ ಸಾಧ್ಯವಾಯಿತು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಹೈಯೊ, ಮಿಷಿಗನ್ ಸುತ್ತಿನ ಮಿಡ್ ಅಮೆರಿಕನ್ ಕಾನ್ಫರೆನ್ಸಿನ ಕಾಲೇಜುಗಳು ನವೆಂಬರ್ ತಿಂಗಳಿನಲ್ಲಿ ಮಂಗಳವಾರ, ಬುಧವಾರಗಳ ರಾತ್ರಿ ಆಡುತ್ತವೆ. ಕೊರೆಯುವ ಚಳಿ, ಕೆಲವೊಮ್ಮೆ ಹಿಮ. ಕ್ಯಾಮೆರಾ ಎಷ್ಟೇ ಜಾಣತನದಿಂದ ತಿರುಗಿದರೂ ಖಾಲಿ ಬೆಂಚುಗಳು ಕಂಡೇ ಕಾಣುತ್ತವೆ. ಮರುದಿನ ಬೆಳಗ್ಗೆ ತರಗತಿ ಇರುವ ಹುಡುಗ ನೂರಾರು ಮೈಲಿ ದೂರದಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬರಬೇಕು. ಊರಿನ ಜನ ಕ್ರೀಡಾಂಗಣಕ್ಕೆ ಬಾರದಿರಲಿ, ದೇಶ ನೋಡಲಿ ಎಂಬ ಈ ಆಯ್ಕೆ, 1951ರಲ್ಲಿ ಎನ್‌ಸಿಎಎ ಹೆದರಿದ್ದಕ್ಕೆ ನೇರ ವಿರುದ್ಧವಾದದ್ದು.

ಇನ್ನು ಅಪಲಾಚಿಯನ್ ಸ್ಟೇಟ್. ಉತ್ತರ ಕೆರೊಲಿನಾದ ಬೂನ್ ಎಂಬ ಬೆಟ್ಟದೂರಿನ ಈ ಕಾಲೇಜನ್ನು 2007ರ ಸೆಪ್ಟೆಂಬರ್ 1ರಂದು ಮಿಷಿಗನ್ ವಿಶ್ವವಿದ್ಯಾನಿಲಯ ನಾಲ್ಕು ಲಕ್ಷ ಡಾಲರ್ ಕೊಟ್ಟು ಆಡಲು ಕರೆಸಿಕೊಂಡಿತ್ತು. ಋತುವಿನ ಆರಂಭದಲ್ಲಿ ಸುಲಭದ ಗೆಲುವೊಂದಕ್ಕಾಗಿ ದೊಡ್ಡವರು ಹೀಗೆ ಹಣ ಕೊಡುವುದು ವಾಡಿಕೆ. ಮಿಷಿಗನ್ ಆಗ ದೇಶದಲ್ಲಿ ಐದನೆಯ ಸ್ಥಾನದಲ್ಲಿತ್ತು. ಅಪಲಾಚಿಯನ್ ಅದಕ್ಕಿಂತ ಕೆಳಗಿನ ದರ್ಜೆಯ ತಂಡ, ಆ ದರ್ಜೆಯಲ್ಲಿ ಹಾಲಿ ಚಾಂಪಿಯನ್ ಆಗಿದ್ದರೂ. ಪಂದ್ಯದ ಪ್ರಸಾರ ಎರಡು ದಿನ ಹಿಂದಷ್ಟೇ ಹುಟ್ಟಿದ್ದ ಬಿಗ್ ಟೆನ್ ನೆಟ್‌ವರ್ಕಿನಲ್ಲಿ. ಅನೇಕ ಕೇಬಲ್ ಕಂಪನಿಗಳು ಆ ವಾಹಿನಿಯನ್ನು ಇನ್ನೂ ತೆಗೆದುಕೊಂಡೇ ಇರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರೆದುರು ಕೊನೆಯ ಗಳಿಗೆಯ ಒದೆತವನ್ನು ತಡೆದು ಅಪಲಾಚಿಯನ್ 34-32ರಿಂದ ಗೆದ್ದಿತು. ನೇರಪ್ರಸಾರ ನೋಡಿದವರು ಎಷ್ಟೋ ಅಷ್ಟೇ. ಆದರೆ ಆ ಸಂಜೆ ಆ ತುಣುಕನ್ನು ದೇಶದ ಪ್ರತಿ ವಾಹಿನಿಯೂ ಮತ್ತೆ ಮತ್ತೆ ತೋರಿಸಿತು. 1981ರಲ್ಲಿ ನಾಲ್ಕು ಕೇಂದ್ರಗಳಲ್ಲಿ ಕಂಡಿದ್ದ ಕಾಲೇಜು ಅದು! 2014ರಲ್ಲಿ ಅದು ಮೇಲಿನ ದರ್ಜೆಗೆ ಏರಿತು. 2022ರ ಸೆಪ್ಟೆಂಬರಿನಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಅದರ ತವರಿನಲ್ಲೇ ಸೋಲಿಸಿದ ಮರುವಾರ, ಇಎಸ್‌ಪಿಎನ್‌ನ ಶನಿವಾರದ ಬೆಳಗಿನ ಜನಪ್ರಿಯ ಕಾರ್ಯಕ್ರಮ ‘ಕಾಲೇಜ್ ಗೇಮ್‌ಡೇ’ ಬೂನ್‌ಗೆ ಬಂದಿಳಿಯಿತು. ಅಂದು ಮಧ್ಯಾಹ್ನ ಟ್ರಾಯ್ ತಂಡದ ವಿರುದ್ಧ ಕೊನೆಯ ಎಸೆತದಲ್ಲಿ, ಥೇಟ್ ಫ್ಲೂಟಿಯ ಹಾಗೆ, ಬೂನ್‌ನ ಹುಡುಗರು 32-28ರಿಂದ ಗೆದ್ದರು.

ಅರ್ಜಿಗಳ ಲೆಕ್ಕ

ಈಗ ಆ ಬಾಸ್ಟನ್ ಅರ್ಜಿಗಳ ವಿಷಯ. ಕಾಲೇಜಿನದೇ ಪತ್ರಿಕೆ 2003ರಲ್ಲಿ ಹಳೆಯ ದಾಖಲೆಗಳನ್ನು ಕೆದಕಿ ನೋಡಿದಾಗ ಕಂಡದ್ದು ಬೇರೆ. 1970ರ ದಶಕದಿಂದಲೇ ಬಾಸ್ಟನ್ ಕಾಲೇಜು ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿ, ಹಳೆಯ ವಿದ್ಯಾರ್ಥಿಗಳ ಜಾಲ ಹೆಣೆದು, ವೇತನಗಳನ್ನು ಯೋಚಿಸಿ ಹಂಚಿ, ದೇಶದ ಬೇರೆ ಬೇರೆ ಭಾಗಗಳಿಂದ ಮಕ್ಕಳನ್ನು ಸೆಳೆಯಲು ತೊಡಗಿತ್ತು. ಫ್ಲೂಟಿ ಬರುವ ಮುನ್ನವೂ ಅರ್ಜಿಗಳು ಜಿಗಿದ ವರ್ಷಗಳಿದ್ದವು. ಎಸೆತ ಅದಕ್ಕೆ ಒಂದು ಒಳ್ಳೆಯ ಚಿತ್ರ ಒದಗಿಸಿತು, ಅಷ್ಟೇ.

ಹಾಗೆಂದು ಪರಿಣಾಮವೇ ಸುಳ್ಳಲ್ಲ. ಡೆವಿನ್ ಪೋಪ್ ಮತ್ತು ಜಾರೆನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೇಲಿನ ಸ್ಥಾನ ಗಳಿಸಿದ ಕಾಲೇಜುಗಳಿಗೆ ಬರುವ ಅರ್ಜಿ ಶೇ 2ರಿಂದ 8ರಷ್ಟು ಹೆಚ್ಚುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡಗ್ ಚಂಗ್ 2013ರಲ್ಲಿ ಹೇಳಿದ್ದು ಇನ್ನೂ ದೊಡ್ಡ ಅಂಕಿ: ಸಾಧಾರಣ ತಂಡವೊಂದು ಅತ್ಯುತ್ತಮವಾದರೆ ಅರ್ಜಿಗಳು ಶೇ 18ರ ಆಸುಪಾಸು ಏರುತ್ತವೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಕ್ಕಳು ಆಟದ ಹೆಸರಿಗೆ ಹೆಚ್ಚು ಮಾರುಹೋಗುತ್ತಾರೆ ಎಂಬುದೂ ಅವರ ಲೆಕ್ಕದಲ್ಲಿ ಕಂಡಿತು. ಅರ್ಜಿ ಹೆಚ್ಚಾದರೆ ಕಾಲೇಜು ಹೆಚ್ಚು ಜನರನ್ನು ತಿರಸ್ಕರಿಸಬಹುದು, ತಿರಸ್ಕರಿಸಿದಷ್ಟೂ ಪ್ರತಿಷ್ಠೆ. ಹೀಗೆ ಮೈದಾನದ ಗೆಲುವು ಗ್ರಂಥಾಲಯದ ಗೌರವವಾಗಿ ಪರಿವರ್ತನೆಯಾಗುತ್ತದೆ.

ಗ್ರಂಥಾಲಯದ ಒಳಗೆ ಏನಾಗುತ್ತದೆ ಎಂಬುದನ್ನು ನೋಡಿದವರೂ ಇದ್ದಾರೆ. ಓರೆಗಾನ್ ವಿಶ್ವವಿದ್ಯಾನಿಲಯದ ಅಂಕಪಟ್ಟಿಗಳನ್ನು ಪರಿಶೀಲಿಸಿ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಫುಟ್‌ಬಾಲ್ ತಂಡ ಹೆಚ್ಚು ಗೆದ್ದ ವರ್ಷಗಳಲ್ಲಿ ಹುಡುಗಿಯರಿಗೆ ಹೋಲಿಸಿದರೆ ಹುಡುಗರ ಅಂಕ ಇಳಿಯಿತು ಎಂದು ತೋರಿಸಿತು. ಇದನ್ನು ಹೇಳಲು ಅಧ್ಯಯನ ಬೇಕೇ ಎಂದು ವಿಶ್ವಕಪ್ ವರ್ಷದಲ್ಲಿ ಪರೀಕ್ಷೆ ಬರೆದ ನಮ್ಮ ಮಕ್ಕಳ ತಾಯ್ತಂದೆಯರು ಕೇಳಿಯಾರು.

ನೇಮಕವೇ ಒಂದು ಕಾರ್ಯಕ್ರಮ

ಒಂದು ಹಂತದಲ್ಲಿ ಆಟದ ಜೊತೆಗೆ ನೇಮಕವೂ ಪ್ರಸಾರಕ್ಕೆ ಬಂತು. ಫೆಬ್ರುವರಿಯ ಮೊದಲ ಬುಧವಾರ ಹುಡುಗರು ಕಾಲೇಜಿಗೆ ಸಹಿ ಹಾಕುವ ದಿನ. 2017ರಿಂದ ಡಿಸೆಂಬರಿನಲ್ಲೂ ಒಂದು ಅವಧಿ ಸೇರಿದೆ. ಹೈಸ್ಕೂಲಿನ ಸಭಾಂಗಣದಲ್ಲಿ ಮೇಜು, ಮೇಜಿನ ಮೇಲೆ ಮೂರು ನಾಲ್ಕು ಕಾಲೇಜುಗಳ ಟೋಪಿಗಳು, ಹಿಂದೆ ಅಜ್ಜಿ, ತಂಗಿ, ನೆರೆಯವರು. ಹುಡುಗ ಒಂದು ಟೋಪಿಯತ್ತ ಕೈ ಚಾಚಿ, ತುಸು ತಡೆದು, ಇನ್ನೊಂದನ್ನು ಎತ್ತಿ ತಲೆಗೆ ಹಾಕಿಕೊಳ್ಳುತ್ತಾನೆ. ಇದನ್ನು ದೇಶ ನೋಡುತ್ತದೆ. ಇನ್ನೂ ಒಂದೂ ಕಾಲೇಜು ಪಂದ್ಯ ಆಡದ ಹುಡುಗ ಆತ.

ಟೆಕ್ಸಸ್ ವಿಶ್ವವಿದ್ಯಾನಿಲಯ 2011ರಲ್ಲಿ ಇಎಸ್‌ಪಿಎನ್ ಜೊತೆ ಸೇರಿ ಲಾಂಗ್‌ಹಾರ್ನ್ ನೆಟ್‌ವರ್ಕ್ ಎಂಬ ಸ್ವಂತ ವಾಹಿನಿಯನ್ನೇ ತೆರೆಯಿತು. 20 ವರ್ಷ, 30 ಕೋಟಿ ಡಾಲರ್ ಒಪ್ಪಂದ. ಅದರಲ್ಲಿ ಹೈಸ್ಕೂಲು ಪಂದ್ಯಗಳನ್ನೂ ತೋರಿಸುವ ಆಲೋಚನೆಯಿತ್ತು. ನೆರೆಯ ಕಾಲೇಜುಗಳು ಉರಿದೆದ್ದವು. ‘ನಮ್ಮ ಕಾಲೇಜಿಗೆ ಬಾ’ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ, ಹುಡುಗನ ಆಟವನ್ನು ತನ್ನ ವಾಹಿನಿಯಲ್ಲಿ ತೋರಿಸಿದರೆ ಸಾಕಲ್ಲವೇ! ಕಾಲೇಜಿನ ಹೆಸರಿನ ವಾಹಿನಿಯಲ್ಲಿ ಹೈಸ್ಕೂಲು ಪಂದ್ಯ ಕೂಡದು ಎಂದು ಎನ್‌ಸಿಎಎ ಅಪ್ಪಣೆ ಮಾಡಿತು. ಆದರೂ ಟೆಕ್ಸಸ್ ಎ ಅಂಡ್ ಎಂ 2012ರಲ್ಲಿ ಶತಮಾನದ ನೆರೆಯವರನ್ನು ಬಿಟ್ಟು ಬೇರೆ ಕಾನ್ಫರೆನ್ಸಿಗೆ ಹೊರಟೇ ಹೋಯಿತು. ವಾಹಿನಿ 2024ರಲ್ಲಿ ಬಾಗಿಲು ಹಾಕಿತು.

ಕಾಣಿಸಿಕೊಳ್ಳುವುದರ ಬಲ ಎಷ್ಟೆಂಬುದಕ್ಕೆ ನ್ಯಾಯಮೂರ್ತಿ ವೈಟ್ ಆಡಿದ್ದ ಕೊಲೊರಾಡೊವೇ 2023ರಲ್ಲಿ ನಿದರ್ಶನವಾಯಿತು. ಹಿಂದಿನ ವರ್ಷ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡ ಅದು. ತರಬೇತುದಾರನಾಗಿ ಬಂದವನು ಹಳೆಯ ತಾರೆ ಡಿಯಾನ್ ಸ್ಯಾಂಡರ್ಸ್. ಕಪ್ಪು ಕನ್ನಡಕ, ಹ್ಯಾಟು, ಎಲ್ಲಿ ಹೋದರೂ ಹಿಂದೆ ಕ್ಯಾಮೆರಾ. ಆತನ ಹಿಂದೆಯೇ ಬೇರೆ ಕಾಲೇಜುಗಳಿಂದ ಐವತ್ತಕ್ಕೂ ಹೆಚ್ಚು ಆಟಗಾರರು ಬಂದರು. ಸೆಪ್ಟೆಂಬರ್ 16ರ ರಾತ್ರಿ ನೆರೆಯ ಕೊಲೊರಾಡೊ ಸ್ಟೇಟ್ ಜೊತೆಗಿನ ಪಂದ್ಯ ಮುಗಿದಾಗ ಪೂರ್ವ ಕರಾವಳಿಯಲ್ಲಿ ನಸುಕಿನ ಎರಡೂವರೆ ಗಂಟೆ. 90 ಲಕ್ಷಕ್ಕೂ ಹೆಚ್ಚು ಜನ ಎಚ್ಚರವಿದ್ದು ನೋಡಿದರು. ವರ್ಷದ ಕೊನೆಗೆ ಲೆಕ್ಕ ನೋಡಿದರೆ ನಾಲ್ಕು ಗೆಲುವು, ಎಂಟು ಸೋಲು. ಟಿ.ವಿ. ಹುಡುಗರನ್ನು ಕರೆತಂದೀತು; ಎದುರಾಳಿಯನ್ನು ಕೆಡವಲು ಅವರೇ ಬೇಕು. (2024ರಲ್ಲಿ ಸ್ಥಿತಿ ಸುಧಾರಿಸಿತು, ತಂಡದ ಟ್ರ್ಯಾವಿಸ್ ಹಂಟರ್‌ಗೆ ದೇಶದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ಬಂತು.)

ಇಷ್ಟೆಲ್ಲ ಹಣ ಹರಿಯುವಾಗ ಆಡುವವನಿಗೆ ಸಿಕ್ಕಿದ್ದೇನು? 1984ರ ತೀರ್ಪಿನಲ್ಲೇ, ಕಾಲೇಜು ಆಟಗಾರರಿಗೆ ಸಂಬಳ ಕೊಡಕೂಡದು ಎಂಬರ್ಥದ ಒಂದು ಮಾತು ದಾರಿಯಲ್ಲಿ ಬಂದುಹೋಗಿತ್ತು. ಪ್ರಸಾರದ ಮೊಕದ್ದಮೆಗೆ ಸಂಬಂಧವೇ ಇಲ್ಲದ ಆ ಮಾತನ್ನು ಗುರಾಣಿಯಾಗಿಸಿಕೊಂಡು ಎನ್‌ಸಿಎಎ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ವಾದಿಸಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಗುರಾಣಿಯನ್ನು ಕೆಳಗಿಳಿಸಿತು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಮಾರಿಕೊಳ್ಳಬಹುದಾಯಿತು. 2025ರ ಜೂನ್‌ನಲ್ಲಿ ಒಪ್ಪಿತವಾದ ಮೊಕದ್ದಮೆಯೊಂದರ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇದರಿಂದ ಟಿ.ವಿ.ಗೂ ನೇಮಕಕ್ಕೂ ಇದ್ದ ಸಂಬಂಧದ ಸ್ವರೂಪವೇ ಬದಲಾಗಿದೆ. ಟಿ.ವಿ.ಯಲ್ಲಿ ಕಂಡರೆ ಹುಡುಗ ಬರುತ್ತಿದ್ದ ಕಾಲವೊಂದಿತ್ತು. ಈಗ ಟಿ.ವಿ. ಕೊಟ್ಟ ಹಣದಿಂದಲೇ ಹುಡುಗನನ್ನು ಕೊಳ್ಳಲಾಗುತ್ತದೆ.

ಕಾಣದವರ ಕಥೆ

ಬಿಗ್ ಟೆನ್ ಕಾನ್ಫರೆನ್ಸ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳೊಡನೆ ಏಳು ವರ್ಷಗಳಿಗೆ 700 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಪಶ್ಚಿಮ ಕರಾವಳಿಯ ಪ್ಯಾಕ್-12 ಕಾನ್ಫರೆನ್ಸಿನ ಬಳಿ ಅಂಥದ್ದೇನೂ ಇರಲಿಲ್ಲ. 2012ರಲ್ಲಿ ಅದು ತೆರೆದಿದ್ದ ಸ್ವಂತ ವಾಹಿನಿ ಬಹಳಷ್ಟು ಮನೆಗಳಿಗೆ ತಲುಪಲೇ ಇಲ್ಲ. ದೊಡ್ಡವರು ಒಬ್ಬೊಬ್ಬರೇ ಎದ್ದು ಹೊರಟರು. 2023ರ ಆಗಸ್ಟಿನಲ್ಲಿ, ಪಂದ್ಯಗಳನ್ನು ಆ್ಯಪಲ್ ಕಂಪನಿಯ ಅಂತರ್ಜಾಲ ಸೇವೆಯ ಮೂಲಕ ಕೊಡುವ ಪ್ರಸ್ತಾಪವಷ್ಟೇ ಮುಂದಿದ್ದಾಗ, ಓರೆಗಾನ್ ಮತ್ತು ವಾಷಿಂಗ್ಟನ್ ಕೂಡ ಬಿಗ್ ಟೆನ್‌ಗೆ ಹೋದವು. ಕೊನೆಗೆ ಉಳಿದವು ಎರಡೇ: ಓರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಎರಡೂ ದೊಡ್ಡ ನಗರಗಳಿಂದ ದೂರವಿರುವ ಸಣ್ಣ ಊರುಗಳ ಕಾಲೇಜುಗಳು. ಅವು ಕೆಟ್ಟದಾಗಿ ಆಡಿದ್ದಕ್ಕೆ ಉಳಿದವಲ್ಲ. ಅವುಗಳ ಸುತ್ತ ಸಾಕಷ್ಟು ಟಿ.ವಿ. ಮನೆಗಳಿರಲಿಲ್ಲ.

ಗೋಧಿ ಹೊಲಗಳ ನಡುವಿನ ಪುಲ್‌ಮನ್ ಎಂಬ ಊರಿನಲ್ಲಿರುವ ವಾಷಿಂಗ್ಟನ್ ಸ್ಟೇಟ್‌ಗೆ ಇದರ ಬಿಸಿ ಬೇಗ ತಟ್ಟಿತು. ಅಲ್ಲಿ ಆಡುತ್ತಿದ್ದ ಕ್ಯಾಮ್ ವಾರ್ಡ್ 2024ರ ಋತುವಿಗೆ ಮಯಾಮಿಗೆ ಹೋದ. ಮುಂದಿನ ವರ್ಷ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲನೆಯವನಾದ. ಅವನ ಜಾಗಕ್ಕೆ ಬಂದ ಜಾನ್ ಮಟೀರ್ ಒಂದೇ ವರ್ಷ ಆಡಿ ಒಕ್ಲಹೋಮಾಕ್ಕೆ ಹೊರಟ. ಮಯಾಮಿ, ಒಕ್ಲಹೋಮಾ: ಹಳೆಯ ಹೆಸರುಗಳೇ. 2024ರಲ್ಲಿ ಬಾಯ್ಸಿ ಸ್ಟೇಟ್ ಸೇರಿದಂತೆ ಕೆಲವು ಕಾಲೇಜುಗಳು 2026ರಿಂದ ಪ್ಯಾಕ್-12 ಸೇರುವುದಾಗಿ ಪ್ರಕಟಿಸಿದವು.

ಪುಲ್‌ಮನ್‌ನವರ ಒಂದು ಬಾವುಟ ಇದೆ. ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮ ತಮ್ಮ ಊರಿಗೆ ಒಮ್ಮೆಯೂ ಬಂದಿಲ್ಲವೆಂಬ ಬೇಸರದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು 2003ರಲ್ಲಿ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಅದರ ಪ್ರಸಾರ ನಡೆಯುತ್ತಿದ್ದ ಕಡೆಗೆ ನೂರಾರು ಮೈಲಿ ಕಾರು ಓಡಿಸಿಕೊಂಡು ಹೋಗಿ, ನಿರೂಪಕರ ಬೆನ್ನ ಹಿಂದಿನ ಗುಂಪಿನಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಬಾವುಟ ಬೀಸಿದರು. ಆಮೇಲೆ ಅದೊಂದು ವ್ರತವೇ ಆಯಿತು. ಕಾರ್ಯಕ್ರಮ ಯಾವ ಊರಿನಲ್ಲೇ ನಡೆಯಲಿ, ಹತ್ತಿರದ ಹಳೆಯ ವಿದ್ಯಾರ್ಥಿಯೊಬ್ಬರು ಶನಿವಾರ ನಸುಕಿಗೇ ಎದ್ದು ಬಾವುಟ ಹಿಡಿದು ನಿಲ್ಲುತ್ತಾರೆ. ಹದಿನೈದು ವರ್ಷ ಬೀಸಿದ ಮೇಲೆ, 2018ರ ಅಕ್ಟೋಬರ್ 20ರಂದು ಕಾರ್ಯಕ್ರಮ ಪುಲ್‌ಮನ್‌ಗೆ ಬಂತು. ಕಾನ್ಫರೆನ್ಸ್ ಕುಸಿದುಬಿದ್ದ ನಂತರವೂ ಬಾವುಟ ಊರೂರು ಸುತ್ತುವುದು ನಿಂತಿಲ್ಲ.